ರೈಲು ಸಿಮ್ಯುಲೇಟರ್ ಆಡ್-ಆನ್ ಸಂಗ್ರಹಗಳ ನಿರ್ವಹಣೆ

ರೈಲು ಸಿಮ್ಯುಲೇಟರ್ ಆಡ್-ಆನ್ ಸಂಗ್ರಹಗಳ ನಿರ್ವಹಣೆ ಎಂದರೆ, ಕಂಪ್ಯೂಟರಿನಲ್ಲಿ ರೈಲು ಓಡಿಸುವ ಅನುಕರಣ ಆಟಗಳಿಗಾಗಿ ಹವ್ಯಾಸಿಗಳು ಸಿದ್ಧಪಡಿಸಿರುವ ಎಂಜಿನ್, ಬೋಗಿ, ಮಾರ್ಗ, ಧ್ವನಿ ಮುಂತಾದ ಹೆಚ್ಚುವರಿ ಸಾಮಗ್ರಿಯನ್ನು (ಆಡ್-ಆನ್) ವರ್ಗೀಕರಿಸಿ, ದಾಖಲಿಸಿ, ಕೆಡದಂತೆ ಕಾಪಾಡುವ ಕ್ರಮ. ಸಂಗ್ರಹ ಬೆಳೆದಂತೆ ಕಡತಗಳ ಪರಸ್ಪರ ಅವಲಂಬನೆಯೂ ಬೆಳೆಯುವುದರಿಂದ, ಕೇವಲ ಸೇರಿಸುತ್ತ ಹೋಗುವುದು ಸಾಕಾಗುವುದಿಲ್ಲ. ಈ ಲೇಖನವು ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಮತ್ತು ಅದರ ಕಡತಗಳನ್ನು ಓದಬಲ್ಲ ಓಪನ್ ರೈಲ್ಸ್ ತಂತ್ರಾಂಶಗಳನ್ನು ಆಧಾರವಾಗಿಟ್ಟುಕೊಂಡು, ಕರ್ನಾಟಕದ ರೈಲುಮಾರ್ಗಗಳ ಉದಾಹರಣೆಗಳೊಂದಿಗೆ ವಿಷಯವನ್ನು ವಿವರಿಸುತ್ತದೆ.

ಹಿನ್ನೆಲೆ

ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ 2001ರಲ್ಲಿ ಬಿಡುಗಡೆಯಾಯಿತು. ಅದರೊಡನೆ ಬಂದ ಆರು ಮಾರ್ಗಗಳು ಯೂರೋಪ್, ಅಮೆರಿಕ ಮತ್ತು ಜಪಾನ್ ದೇಶಗಳವು. ಭಾರತದ ಮಾರ್ಗ ಒಂದೂ ಇರಲಿಲ್ಲ. ಆದರೆ ಬಳಕೆದಾರರು ತಮ್ಮದೇ ಎಂಜಿನ್, ಬೋಗಿ ಮತ್ತು ಮಾರ್ಗಗಳನ್ನು ರಚಿಸಿ ಸೇರಿಸಲು ಅವಕಾಶವಿತ್ತು. ಭಾರತೀಯ ರೈಲ್ವೆಯ ಎಂಜಿನ್‌ಗಳೂ ಐಸಿಎಫ್ ಬೋಗಿಗಳೂ ಹೀಗೆ ಹವ್ಯಾಸಿಗಳ ಶ್ರಮದಿಂದ ಈ ಆಟವನ್ನು ಸೇರಿದವು.

ಮೈಕ್ರೋಸಾಫ್ಟ್ ಸಂಸ್ಥೆಯು 2009ರಲ್ಲಿ ತನ್ನ ಏಸಸ್ ಸ್ಟುಡಿಯೋವನ್ನು ಮುಚ್ಚಿದಾಗ ಆಟದ ಮುಂದಿನ ಆವೃತ್ತಿಯ ಕೆಲಸವೂ ನಿಂತಿತು. ಹಳೆಯ ಸಾಮಗ್ರಿ ವ್ಯರ್ಥವಾಗದಂತೆ ಸ್ವಯಂಸೇವಕರು ಓಪನ್ ರೈಲ್ಸ್ ಎಂಬ ಮುಕ್ತ ತಂತ್ರಾಂಶವನ್ನು ರೂಪಿಸಿದರು. ಅದರ 1.0 ಆವೃತ್ತಿ 2015ರಲ್ಲಿ ಹೊರಬಂದಿತು.

ಕಡತಗಳ ಪರಸ್ಪರ ಅವಲಂಬನೆ

ಮೂಲ ಫೋಲ್ಡರಿನೊಳಗೆ ಗ್ಲೋಬಲ್, ರೂಟ್ಸ್, ಸೌಂಡ್ ಮತ್ತು ಟ್ರೇನ್ಸ್ ಎಂಬ ನಾಲ್ಕು ಮುಖ್ಯ ವಿಭಾಗಗಳಿವೆ. ಟ್ರೇನ್ಸ್ ವಿಭಾಗದಲ್ಲಿ ಮತ್ತೆರಡು ಉಪವಿಭಾಗಗಳು: ಎಂಜಿನ್ ಹಾಗೂ ಬೋಗಿಗಳಿರುವ ಟ್ರೇನ್‌ಸೆಟ್, ಅವನ್ನು ಜೋಡಿಸಿದ ಗಾಡಿಯ ವಿವರವಿರುವ ಕನ್ಸಿಸ್ಟ್ಸ್. ಕನ್ಸಿಸ್ಟ್ ಕಡತದಲ್ಲಿ ಬೋಗಿಯ ಚಿತ್ರವಾಗಲಿ ಆಕಾರವಾಗಲಿ ಇರುವುದಿಲ್ಲ. ಬೋಗಿಯ ಕಡತದ ಹೆಸರು ಮತ್ತು ಅದಿರುವ ಫೋಲ್ಡರಿನ ಹೆಸರು ಮಾತ್ರ ಇರುತ್ತವೆ. ಬೋಗಿಯ ಕಡತವು ಆಕಾರದ ಕಡತವನ್ನೂ, ಆಕಾರದ ಕಡತವು ಬಣ್ಣದ ಚಿತ್ರಗಳನ್ನೂ, ಎಂಜಿನ್ ಕಡತವು ಧ್ವನಿ ಮತ್ತು ಚಾಲಕನ ಕ್ಯಾಬಿನ್ ನೋಟವನ್ನೂ ಹೆಸರಿನಿಂದಲೇ ಹುಡುಕುತ್ತವೆ.

ಆದುದರಿಂದ ಅಂದಗೊಳಿಸುವ ಉದ್ದೇಶದಿಂದ ಒಂದು ಫೋಲ್ಡರಿನ ಹೆಸರನ್ನು ಬದಲಿಸಿದರೂ, ಅದನ್ನು ಅವಲಂಬಿಸಿದ ಗಾಡಿಗಳೆಲ್ಲ ಕೆಡುತ್ತವೆ. ಬೋಗಿ ಸಿಗದಿದ್ದರೆ ಓಪನ್ ರೈಲ್ಸ್ ಅದನ್ನು ಬಿಟ್ಟು ಮುಂದುವರಿಯುತ್ತದೆ. ಹದಿನೆಂಟು ಬೋಗಿಗಳ ಗಾಡಿ ಹದಿನೈದು ಬೋಗಿಗಳಾಗಿ ಓಡುತ್ತದೆ; ಬಳಕೆದಾರನ ಗಮನಕ್ಕೆ ಅದು ಬಾರದೇ ಹೋಗಬಹುದು.

ಸಾಮಾನ್ಯ ತೊಡಕುಗಳು

ಹೆಸರಿನ ಘರ್ಷಣೆ: ಇಬ್ಬರು ಕರ್ತೃಗಳು ಒಂದೇ ಹೆಸರಿನ ಫೋಲ್ಡರನ್ನು ಬಳಸಿದ್ದರೆ, ನಂತರ ಸೇರಿಸಿದ್ದು ಮೊದಲಿನದನ್ನು ಅಳಿಸಿಬಿಡುತ್ತದೆ.

ಹಂಚಿಕೆಯ ಕಡತ: ಹಳಿಯ ತುಂಡುಗಳನ್ನು ವಿವರಿಸುವ ಟಿ-ಸೆಕ್ಷನ್ ಕಡತವು ಗ್ಲೋಬಲ್ ವಿಭಾಗದಲ್ಲಿದ್ದು, ಎಲ್ಲ ಮಾರ್ಗಗಳಿಗೂ ಸಾಮಾನ್ಯವಾಗಿದೆ. ಹೊಸ ಆವೃತ್ತಿಯ ಮೇಲೆ ಹಳೆಯದನ್ನು ನಕಲಿಸಿದರೆ ನಿನ್ನೆಯವರೆಗೆ ಸರಿಯಾಗಿದ್ದ ಮಾರ್ಗಗಳು ತೆರೆಯದಂತಾಗುತ್ತವೆ.

ಅಕ್ಷರ ಸಂಕೇತ: ಈ ಪಠ್ಯ ಕಡತಗಳು ಸಾಮಾನ್ಯವಾಗಿ ಯುಟಿಎಫ್-16 ಸಂಕೇತದಲ್ಲಿರುತ್ತವೆ. ತಿದ್ದಿದ ಬಳಿಕ ಅದೇ ಸಂಕೇತದಲ್ಲಿ ಉಳಿಸುವುದು ಕ್ಷೇಮ.

ನಿರ್ವಹಣೆಯ ಕ್ರಮ

1. ಇಳಿಸಿಕೊಂಡ ಮೂಲ ಸಂಕುಚಿತ ಕಡತವನ್ನು ಬದಲಿಸದೆ ಪ್ರತ್ಯೇಕ ಡಿಸ್ಕಿನಲ್ಲಿ ಇಡುವುದು.
2. ಹೊಸದನ್ನು ಮೊದಲು ಖಾಲಿ ಫೋಲ್ಡರಿನಲ್ಲಿ ಬಿಡಿಸಿ, ಒಳಗಿನ ಹೆಸರುಗಳನ್ನೂ ಕರ್ತೃವಿನ ಸೂಚನೆಯನ್ನೂ ಓದುವುದು.
3. ಗ್ರಂಥಾಲಯದ ಪರಿಗ್ರಹಣ ಪುಸ್ತಕದಂತೆ ಒಂದು ದಾಖಲೆಪಟ್ಟಿ ಇಡುವುದು: ಕ್ರಮಸಂಖ್ಯೆ, ಸಾಮಗ್ರಿಯ ಹೆಸರು, ಕರ್ತೃ, ಸೇರಿಸಿದ ದಿನಾಂಕ, ಫೋಲ್ಡರಿನ ಹೆಸರು, ಬೇಕಾದ ಇತರ ಸಾಮಗ್ರಿ.
4. ಪ್ರದೇಶ ಅಥವಾ ಕಾಲಕ್ಕೆ ಅನುಗುಣವಾಗಿ ಬೇರೆ ಬೇರೆ ಸ್ಥಾಪನೆಗಳನ್ನು ಮಾಡುವುದು. ಓಪನ್ ರೈಲ್ಸ್‌ನ ಆಯ್ಕೆಗಳಲ್ಲಿ ಇಂತಹ ಹಲವು ಮೂಲ ಫೋಲ್ಡರುಗಳನ್ನು ನೋಂದಾಯಿಸಬಹುದು. ಒಂದರ ದೋಷ ಇನ್ನೊಂದಕ್ಕೆ ತಗಲುವುದಿಲ್ಲ.
5. ಎಂಜಿನ್ ಅಥವಾ ಬೋಗಿಯ ಗುಣಗಳನ್ನು ತಿದ್ದಬೇಕಾದರೆ ಮೂಲ ಕಡತವನ್ನು ಮುಟ್ಟದೆ, ಅದೇ ಫೋಲ್ಡರಿನೊಳಗೆ ‘ಓಪನ್‌ರೈಲ್ಸ್’ ಎಂಬ ಉಪಫೋಲ್ಡರಿನಲ್ಲಿ ತಿದ್ದಿದ ಪ್ರತಿಯನ್ನು ಇಡುವುದು. ತಂತ್ರಾಂಶವು ಆ ಪ್ರತಿಯನ್ನೇ ಆರಿಸಿಕೊಳ್ಳುತ್ತದೆ.
6. ಪ್ರತಿ ಸೇರ್ಪಡೆಯ ನಂತರ ಒಮ್ಮೆ ಓಡಿಸಿ, ತಂತ್ರಾಂಶವು ಬರೆದಿಡುವ ಲಾಗ್ ಕಡತದಲ್ಲಿ ಎಚ್ಚರಿಕೆಗಳಿವೆಯೇ ಎಂದು ನೋಡುವುದು. ಕಾಣೆಯಾದ ಕಡತಗಳನ್ನು ಪತ್ತೆಹಚ್ಚಲು ರೂಟ್ ರೈಟರ್ ಎಂಬ ಉಪಕರಣವೂ ಬಳಕೆಯಲ್ಲಿದೆ.

ಹೆಸರು ಮತ್ತು ಕಾಲದ ಸಮಸ್ಯೆ

ಕರ್ನಾಟಕದ ರೈಲುಗಳನ್ನು ಸಂಗ್ರಹಿಸುವವರಿಗೆ ಕಾಲವಿಭಜನೆ ಅನಿವಾರ್ಯ. 1 ನವೆಂಬರ್ 2014ರಂದು ಗುಲ್ಬರ್ಗಾ ‘ಕಲಬುರಗಿ’ಯಾಯಿತು. ಬೆಂಗಳೂರು ನಗರ ನಿಲ್ದಾಣಕ್ಕೆ 2016ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂದಿತು. ಹಳೆಯ ಆಡ್-ಆನ್‌ಗಳಲ್ಲಿ ಹಳೆಯ ಹೆಸರುಗಳೇ ಇರುತ್ತವೆ. ಅವನ್ನು ಕಡತಗಳಲ್ಲಿ ತಿದ್ದಿದರೆ ಅವಲಂಬನೆಗಳು ಮುರಿಯುವ ಭಯವಿದೆ. ಆದ್ದರಿಂದ ಎರಡೂ ಹೆಸರುಗಳನ್ನು ದಾಖಲೆಪಟ್ಟಿಯಲ್ಲಿ ಬರೆಯುವುದು ಲೇಸು.

ಗಾಡಿಗಳೂ ಬದಲಾಗಿವೆ. ಒಂದು ಕಾಲದಲ್ಲಿ ಡೀಸೆಲ್ ಎಂಜಿನ್‌ಗಳು ಎಳೆಯುತ್ತಿದ್ದ ಸೊಲ್ಲಾಪುರ–ಕಲಬುರಗಿ–ವಾಡಿ ಮಾರ್ಗದಲ್ಲಿ ಈಗ ವಿದ್ಯುತ್ ಎಂಜಿನ್‌ಗಳು ಓಡುತ್ತಿವೆ. ಬೀದರ್–ಕಲಬುರಗಿ ಮಾರ್ಗ ಉದ್ಘಾಟನೆಯಾದದ್ದು ಅಕ್ಟೋಬರ್ 2017ರಲ್ಲಿ. ಅದಕ್ಕಿಂತ ಹಿಂದಿನ ಕಾಲವನ್ನು ತೋರಿಸುವ ಮಾರ್ಗದಲ್ಲಿ ಅದಕ್ಕೆ ಸ್ಥಳವಿಲ್ಲ. ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯು ಸಾಂಪ್ರದಾಯಿಕ ಐಸಿಎಫ್ ಬೋಗಿಗಳ ತಯಾರಿಕೆಯನ್ನು ಜನವರಿ 2018ರಲ್ಲಿ ನಿಲ್ಲಿಸಿತು. ಅವುಗಳ ಸ್ಥಾನಕ್ಕೆ ಎಲ್‌ಎಚ್‌ಬಿ ಬೋಗಿಗಳು ಬರುತ್ತಿವೆ. ಕೆಂಗಂದು ಬಣ್ಣದ ಬೋಗಿ, ನೀಲಿ ಬೋಗಿ, ಎಲ್‌ಎಚ್‌ಬಿ ಬೋಗಿ ಎಂದು ಒಂದೇ ಗಾಡಿಗೆ ಮೂರು ಕಾಲದ ರೂಪಗಳಿದ್ದರೆ, ಕನ್ಸಿಸ್ಟ್‌ನ ಹೆಸರಿನಲ್ಲಿಯೇ ಕಾಲವನ್ನು ಸೂಚಿಸುವುದು ಉಪಯುಕ್ತ.

ಹಕ್ಕುಸ್ವಾಮ್ಯ

ಉಚಿತವಾಗಿ ದೊರೆಯುವುದೆಲ್ಲ ಮುಕ್ತವಾಗಿ ಹಂಚಬಹುದಾದದ್ದಲ್ಲ. ಓಪನ್ ರೈಲ್ಸ್ ತಂತ್ರಾಂಶವು ಜಿಎನ್‌ಯು ಸಾರ್ವಜನಿಕ ಪರವಾನಗಿಯಡಿ ಇದೆ. ಆದರೆ ಪ್ರತಿಯೊಂದು ಆಡ್-ಆನ್‌ನ ಹಕ್ಕು ಅದರ ಕರ್ತೃವಿನದು. ಮತ್ತೊಬ್ಬರ ಆಕಾರಕ್ಕೆ ಹೊಸ ಬಣ್ಣ ಬಳಿದು ಹಂಚುವ ಮುನ್ನ ಅನುಮತಿ ಪಡೆಯಬೇಕು. ಕರ್ತೃವಿನ ಸೂಚನಾ ಕಡತವನ್ನು ಎಂದೂ ಅಳಿಸಬಾರದು. ಅನೇಕ ವೇಳೆ ಕರ್ತೃವಿನ ಹೆಸರು ಮತ್ತು ಷರತ್ತುಗಳು ಉಳಿದಿರುವುದು ಅದೊಂದರಲ್ಲಿಯೇ.

ಮಹತ್ವ

ಬೆಂಗಳೂರು–ಮೈಸೂರು ಮಾರ್ಗ ಮೀಟರ್ ಗೇಜ್ ಆಗಿದ್ದ ಕಾಲವನ್ನು ಇಂದಿನ ವಿದ್ಯಾರ್ಥಿಗಳು ಕಂಡಿಲ್ಲ. ಮರೆಯಾದ ಹಳಿ, ಎಂಜಿನ್, ನಿಲ್ದಾಣದ ಫಲಕಗಳನ್ನು ಮರುರೂಪಿಸಿದ ಆಡ್-ಆನ್‌ಗಳು ಆ ಕಾಲದ ಒಂದು ಬಗೆಯ ದಾಖಲೆಯೂ ಹೌದು. ಅವನ್ನು ಛಾಯಾಚಿತ್ರ ಮತ್ತು ಲಿಖಿತ ಆಧಾರಗಳೊಡನೆ ಹೋಲಿಸಿ ನೋಡಬೇಕು. ಅವನ್ನು ಇಟ್ಟಿದ್ದ ತಾಣ ಮುಚ್ಚಿದರೆ ಅಥವಾ ಕರ್ತೃ ಹವ್ಯಾಸವನ್ನು ಬಿಟ್ಟರೆ, ಸಂಗ್ರಾಹಕನ ಡಿಸ್ಕಿನಲ್ಲಿರುವ ಪ್ರತಿಯೇ ಕೊನೆಯದಾಗಬಹುದು. ಯಾವುದಕ್ಕೆ ಯಾವುದು ಬೇಕೆಂಬ ಪಟ್ಟಿ ಜೊತೆಗಿದ್ದರೆ ಮಾತ್ರ ಆ ಪ್ರತಿಯಿಂದ ಇನ್ನೊಬ್ಬರು ಗಾಡಿಯನ್ನು ಮತ್ತೆ ಓಡಿಸಬಲ್ಲರು.

ಇವನ್ನೂ ನೋಡಿ

ಭಾರತೀಯ ರೈಲ್ವೆ
ನೈಋತ್ಯ ರೈಲ್ವೆ
ಮೀಟರ್ ಗೇಜ್
ಮುಕ್ತ ತಂತ್ರಾಂಶ