ಸಿದ್ಧವೇಷ ಮತ್ತು ಬೇಹು: ಅರ್ಥಶಾಸ್ತ್ರದ ಕೆಲವು ಪ್ರಸಂಗಗಳು

ನಿಗೂಢವಿದ್ಯೆ, ಗುಪ್ತಕೂಟ ಮತ್ತು ಬೇಹುಗಾರಿಕೆ ಈ ಮೂರರ ನಂಟನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಯುರೋಪಿನಿಂದ ಆರಂಭವಾಗುತ್ತವೆ. ಜರ್ಮನಿಯ ಮಠಾಧಿಪತಿ ಟ್ರಿಥೀಮಿಯಸ್ 1500ರ ಸುಮಾರಿಗೆ ರಚಿಸಿದ ‘ಸ್ಟೆಗನೊಗ್ರಾಫಿಯಾ’ ಮೇಲ್ನೋಟಕ್ಕೆ ಅಶರೀರ ಶಕ್ತಿಗಳ ಮೂಲಕ ದೂರದವರಿಗೆ ಸಂದೇಶ ಕಳುಹಿಸುವ ಮಾಂತ್ರಿಕ ಗ್ರಂಥ. 1606ರಲ್ಲಿ ಅಚ್ಚಾದ ಅದನ್ನು ಕ್ಯಾಥೊಲಿಕ್ ಚರ್ಚು 1609ರಲ್ಲಿ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತು. ಅದರ ಮೊದಲೆರಡು ಭಾಗಗಳ ಮಂತ್ರಗಳು ಗುಪ್ತಲಿಪಿಯ ಉದಾಹರಣೆಗಳೆಂಬುದು ಬೇಗನೆ ತಿಳಿದುಬಂದಿತ್ತು. ಮೂರನೆಯ ಭಾಗವೂ ಅಂತಹುದೇ ಎಂದು ಥಾಮಸ್ ಅರ್ನ್ಸ್ಟ್ ಮತ್ತು ಜಿಮ್ ರೀಡ್ಸ್ ಬೇರೆಬೇರೆಯಾಗಿ ತೋರಿಸಿಕೊಟ್ಟದ್ದು 1990ರ ದಶಕದಲ್ಲಿ. ಅಲ್ಲಿ ಮಂತ್ರವು ಲಿಪಿಗೆ ಹೊದಿಕೆಯಾಗಿತ್ತು. ಮಂತ್ರವಾದಿಯ ವೇಷವೇ ಬೇಹುಗಾರನಿಗೆ ಹೊದಿಕೆಯಾಗುವ ಬಗೆಯನ್ನು ಅರಿಯಲು ಇದಕ್ಕಿಂತ ಬಹು ಹಿಂದಿನ, ಬಹು ವ್ಯವಸ್ಥಿತವಾದ ಪಠ್ಯವೊಂದಿದೆ. ಅದು ಕೌಟಿಲ್ಯನ ಅರ್ಥಶಾಸ್ತ್ರ.

ಈ ಗ್ರಂಥದ ಆಧುನಿಕ ಓದು ಮೈಸೂರಿನಲ್ಲಿ ಮೊದಲಾಯಿತು. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ಹಸ್ತಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಇದನ್ನು ನೇರವಾಗಿ ಮೌರ್ಯರ ಆಡಳಿತದ ದಾಖಲೆ ಎಂದು ಓದುವ ಕ್ರಮ ಈಗ ಸಡಿಲಗೊಂಡಿದೆ. ಪ್ಯಾಟ್ರಿಕ್ ಒಲಿವೆಲ್ ಅವರಂತಹ ವಿದ್ವಾಂಸರು ಪಠ್ಯದ ರಚನೆಯನ್ನು ಕ್ರಿಸ್ತಶಕದ ಆರಂಭದ ಶತಮಾನಗಳ ಆಸುಪಾಸಿಗೆ ತರುತ್ತಾರೆ. ಆದ್ದರಿಂದ ಮುಂದಿನ ಪ್ರಸಂಗಗಳನ್ನು ನಡೆದ ಘಟನೆಗಳೆಂದಲ್ಲ, ಶಾಸ್ತ್ರಕಾರನ ವಿಧಿಗಳೆಂದು ಗ್ರಹಿಸುವುದು ಉಚಿತ.

ಮೊದಲ ಅಧಿಕರಣದಲ್ಲಿ ಗೂಢಪುರುಷರನ್ನು ನೆಲೆನಿಂತವರು ಮತ್ತು ಸಂಚರಿಸುವವರು ಎಂದು ವಿಭಾಗಿಸಲಾಗಿದೆ. ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ ಎಂಬ ಐದು ‘ಸಂಸ್ಥೆ’ಗಳು ಮೊದಲ ವರ್ಗದವು. ವೇಷಧಾರಿಯನ್ನು ಸೂಚಿಸಲು ಪಠ್ಯವು ಬಳಸುವ ಪದ ‘ವ್ಯಂಜನ’. ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಈ ಪದದ ಬಂಧು ಪರಿಚಿತ: ಅಲ್ಲಿ ವ್ಯಂಜನಾವೃತ್ತಿಯು ಮರೆಯಲ್ಲಿರುವ ಅರ್ಥವನ್ನು ಹೊರಗೆಡಹುತ್ತದೆ. ಇಲ್ಲಿ ಹೊರಗೆ ಕಾಣುವ ಚಿಹ್ನೆಯೇ ಅರ್ಥವನ್ನು ಮರೆಮಾಡುತ್ತದೆ.

ತಾಪಸವ್ಯಂಜನನ ಕಾರ್ಯವಿಧಾನ ವಿವರವಾಗಿ ಪರಿಶೀಲಿಸತಕ್ಕದ್ದು. ತಲೆ ಬೋಳಿಸಿಕೊಂಡ ಅಥವಾ ಜಟೆ ಬಿಟ್ಟ ಆತ ಅನೇಕ ಶಿಷ್ಯರೊಡನೆ ನಗರದ ಹತ್ತಿರ ಬೀಡುಬಿಡುತ್ತಾನೆ. ಒಂದೆರಡು ತಿಂಗಳಿಗೊಮ್ಮೆ ಹಿಡಿಯಷ್ಟು ಸೊಪ್ಪನ್ನೋ ಹುಲ್ಲನ್ನೋ ಜನರೆದುರು ತಿನ್ನುತ್ತಾನೆ. ಬೇಕಾದ ಊಟವನ್ನು ಗುಟ್ಟಾಗಿ ಮಾಡುತ್ತಾನೆ. ವರ್ತಕರ ಬಳಿ ಕೆಲಸಮಾಡುವ ಬೇಹುಗಾರರು ಅವನನ್ನು ಪೂಜಿಸುತ್ತಾರೆ, ಶಿಷ್ಯರು ಸಿದ್ಧಪುರುಷನೆಂದು ಸಾರುತ್ತಾರೆ. ಭವಿಷ್ಯ ಕೇಳಲು ಬಂದವರಿಗೆ ಆತ ಅಂಗವಿದ್ಯೆಯಿಂದಲೂ ಶಿಷ್ಯರ ಸನ್ನೆಗಳಿಂದಲೂ ಉತ್ತರ ಹೇಳುತ್ತಾನೆ. ಸಣ್ಣ ಲಾಭ, ಬೆಂಕಿ ಅನಾಹುತ, ಕಳ್ಳರ ಭಯ, ದ್ರೋಹಿಯ ವಧೆ, ಹೊರದೇಶದ ವಾರ್ತೆ, ಅರಸನು ಇಂದೋ ನಾಳೆಯೋ ಮಾಡಲಿರುವ ಕಾರ್ಯ ಇವು ಅವನ ಭವಿಷ್ಯದ ವಸ್ತುಗಳು. ಅನಂತರ ಇತರ ಗೂಢಚಾರರು ಆ ಮಾತು ನಿಜವಾಗುವಂತೆ ನೋಡಿಕೊಳ್ಳುತ್ತಾರೆ. ಭವಿಷ್ಯವನ್ನು ಅರಿಯುವುದು ಇಲ್ಲಿಯ ಕೆಲಸವಲ್ಲ. ಮೊದಲು ನುಡಿದು ಆಮೇಲೆ ಅದನ್ನು ನೆರವೇರಿಸಬೇಕು. ಸಿದ್ಧಿಯ ಕೀರ್ತಿ ಬೆಳೆದಷ್ಟೂ ಬರುವವರು ಹೆಚ್ಚುತ್ತಾರೆ. ಬರುವವರು ತಮ್ಮ ಆಸೆ ಭಯಗಳನ್ನು ತಾವಾಗಿಯೇ ಬಿಚ್ಚಿಡುತ್ತಾರೆ. ಮಾಹಿತಿಯು ಸಿದ್ಧಿಯನ್ನೂ ಸಿದ್ಧಿಯು ಮಾಹಿತಿಯನ್ನೂ ಪೋಷಿಸುವ ಈ ಚಕ್ರವೇ ಮೇಲೆ ಹೇಳಿದ ನಂಟಿನ ತಿರುಳು.

ಸಂಚಾರಿಗಳಲ್ಲಿ ಮೊದಲಿಗನಾದ ‘ಸತ್ರಿ’ಯ ಶಿಕ್ಷಣವೂ ಇದನ್ನೇ ಸೂಚಿಸುತ್ತದೆ. ದಿಕ್ಕಿಲ್ಲದ, ರಾಜನೇ ಸಾಕಬೇಕಾದ ಮಕ್ಕಳಿಗೆ ಲಕ್ಷಣಶಾಸ್ತ್ರ, ಅಂಗವಿದ್ಯೆ, ಜಂಭಕವಿದ್ಯೆ, ಮಾಯಾಪ್ರಯೋಗ, ನಿಮಿತ್ತಶಾಸ್ತ್ರ ಮೊದಲಾದವನ್ನು ಕಲಿಸಬೇಕು. ಸಂಸ್ಥೆಗಳ ಅಂತೇವಾಸಿಗಳು ಸಂಕೇತಲಿಪಿಯಲ್ಲಿ ಸುದ್ದಿ ಸಾಗಿಸಬೇಕು. ಒಂದು ಸಂಸ್ಥೆ ಇನ್ನೊಂದನ್ನು ಅರಿಯಕೂಡದು. ಮೂವರ ವರದಿ ಒಂದೇ ಆದಾಗ ಮಾತ್ರ ನಂಬಬೇಕು. ಗುರುಶಿಷ್ಯ ಬಂಧ, ದೀಕ್ಷಿತರಿಗಷ್ಟೇ ತಿಳಿದ ಸಂಜ್ಞೆ, ಪರಸ್ಪರ ಅಪರಿಚಿತ ಘಟಕಗಳು — ಗುಪ್ತಕೂಟದ ಲಕ್ಷಣಗಳೆಲ್ಲವೂ ಇಲ್ಲಿವೆ. ಆದರೆ ಇದನ್ನು ಕಟ್ಟುವುದು ಪ್ರಭುತ್ವದ ವಿರೋಧಿಗಳಲ್ಲ, ಪ್ರಭುತ್ವವೇ.

ನಾಲ್ಕನೆಯ ಅಧಿಕರಣದಲ್ಲಿ ಸಿದ್ಧವೇಷದವರು ಕಳವಿನತ್ತ ಒಲವಿರುವ ತರುಣರನ್ನು ಸೆಳೆಯುವ ಪ್ರಸಂಗ ಒಂದು ಪ್ರಹಸನದಂತಿದೆ. ನಿದ್ರೆ ಬರಿಸುವ, ಅದೃಶ್ಯಗೊಳಿಸುವ, ಬಾಗಿಲು ತೆರೆಸುವ ಮಂತ್ರಗಳು ತಮಗೆ ಗೊತ್ತೆಂದು ಅವರು ಆಸೆ ಹುಟ್ಟಿಸುತ್ತಾರೆ. ಮೊದಲೇ ಸಿದ್ಧಪಡಿಸಿದ ಹಳ್ಳಿಯೊಂದಕ್ಕೆ ಕರೆದೊಯ್ದು ಪ್ರಯೋಗ ತೋರಿಸುತ್ತಾರೆ. ಬಾಗಿಲು ತೆರೆಯುವವರು, ಎದುರಿಗಿದ್ದೂ ಕಾಣದವರಂತೆ ನಿಲ್ಲುವ ಕಾವಲುಗಾರರು, ಮಂಚ ಸಹಿತ ಎತ್ತಿದರೂ ಏಳದವರು ಎಲ್ಲರೂ ಗೂಢಚಾರರೇ. ಮಂತ್ರವನ್ನು ನಂಬಿದ ತರುಣರು ಗುರುತು ಹಾಕಿಟ್ಟ ವಸ್ತುಗಳಿರುವ ಮನೆಗೆ ನುಗ್ಗಿ ಸಿಕ್ಕಿಬೀಳುತ್ತಾರೆ. ಪ್ರಸಂಗ ಇಲ್ಲಿಗೆ ನಿಲ್ಲುವುದಿಲ್ಲ. ಸಮಾಹರ್ತೃವು ಅವರನ್ನು ಪೌರಜಾನಪದರ ಮುಂದೆ ನಿಲ್ಲಿಸಿ, ಅರಸನು ಕಳ್ಳರನ್ನು ಹಿಡಿಯುವ ವಿದ್ಯೆಯನ್ನು ಕಲಿತಿದ್ದಾನೆ, ಇವರು ಸಿಕ್ಕಿದ್ದು ಅವನ ಉಪದೇಶದಿಂದಲೇ ಎಂದು ಘೋಷಿಸುತ್ತಾನೆ. ಬೇಹಿನಿಂದ ದೊರೆತ ಫಲ ಕೊನೆಗೆ ರಾಜನ ಸರ್ವಜ್ಞತೆಯಾಗಿ ಪ್ರಕಟವಾಗುತ್ತದೆ. ಕಳ್ಳರು ನಂಬಿದ ಮಂತ್ರ ಸುಳ್ಳೆಂದು ಬಯಲಾದರೂ, ಪ್ರಜೆಗಳ ಮುಂದೆ ಅದಕ್ಕಿಂತ ದೊಡ್ಡದೊಂದು ಮಂತ್ರ ಸ್ಥಾಪಿತವಾಗುತ್ತದೆ.

ಹದಿಮೂರನೆಯ ಅಧಿಕರಣ ಇದೇ ತಂತ್ರವನ್ನು ಶತ್ರುರಾಜನ ಮೇಲೆ ಪ್ರಯೋಗಿಸುತ್ತದೆ. ಬೆಟ್ಟದ ಗುಹೆಯ ತಪಸ್ವಿಯೊಬ್ಬ ತನಗೆ 400 ವರ್ಷವೆಂದೂ, ನೂರು ವರ್ಷಕ್ಕೊಮ್ಮೆ ಅಗ್ನಿಪ್ರವೇಶ ಮಾಡಿ ಯೌವನ ಪಡೆಯುವುದಾಗಿಯೂ ಹೇಳಿಕೊಳ್ಳುತ್ತಾನೆ. ನಾಲ್ಕನೆಯ ಪ್ರವೇಶವನ್ನು ಕಾಣಲು ಹೆಂಡತಿ ಮಕ್ಕಳೊಡನೆ ಬಂದು ಏಳು ರಾತ್ರಿ ತಂಗಿದ ಅರಸನ ಮೇಲೆ ದಾಳಿ ನಡೆಯುತ್ತದೆ.

ಇಷ್ಟನ್ನು ಮಾತ್ರ ಓದಿದರೆ ಶಾಸ್ತ್ರಕಾರ ಅತಿಮಾನುಷ ಶಕ್ತಿಗಳಲ್ಲಿ ನಂಬಿಕೆಯಿಲ್ಲದವನೆನಿಸಬಹುದು. ಆ ತೀರ್ಮಾನ ಅವಸರದ್ದು. ರೋಗ, ಬರ, ರಾಕ್ಷಸಭಯಗಳ ನಿವಾರಣೆಗೆ ಮಾಯಾಯೋಗ ಬಲ್ಲ ಸಿದ್ಧತಾಪಸರನ್ನು ಗೌರವಿಸಿ ನಾಡಿನಲ್ಲಿ ಇರಿಸಿಕೊಳ್ಳಬೇಕೆನ್ನುವುದೂ ಇದೇ ಪಠ್ಯ. ಹದಿನಾಲ್ಕನೆಯ ‘ಔಪನಿಷದಿಕ’ ಅಧಿಕರಣದಲ್ಲಿ ಅದೃಶ್ಯನಾಗುವ, ಕಾವಲಿನವರನ್ನು ನಿದ್ರೆಗೆ ಕೆಡಹುವ ಯೋಗಗಳು ಯಾವ ವ್ಯಂಗ್ಯವೂ ಇಲ್ಲದೆ ಬರುತ್ತವೆ. ತರುಣರನ್ನು ವಂಚಿಸಲು ಬಳಸಿದ ವಿದ್ಯೆಗಳ ಹೆಸರುಗಳೇ ಇಲ್ಲಿ ಪ್ರಾಮಾಣಿಕ ಪ್ರಯೋಗಗಳಾಗಿ ಮರಳುತ್ತವೆ. ಪಠ್ಯದ ಹಲವು ಪದರಗಳನ್ನು ಇದಕ್ಕೆ ಕಾರಣವಾಗಿ ಹೇಳಬಹುದಾದರೂ, ಸಟೆ ಮತ್ತು ದಿಟಗಳ ನಡುವೆ ಗೆರೆ ಎಳೆಯುವ ಅಗತ್ಯ ಈ ಚಿಂತನೆಗೆ ಕಂಡಿರಲಿಲ್ಲ ಎಂಬ ವಿವರಣೆ ಹೆಚ್ಚು ಸಮಂಜಸ.

ಅಗತ್ಯ ಕಂಡದ್ದು ಬೇರೆಡೆ. ವಾನಪ್ರಸ್ಥರಲ್ಲದ ಪ್ರವ್ರಜಿತರೂ ಹೊರಗಿನಿಂದ ಬಂದ ಸಂಘಗಳೂ ಜನಪದದಲ್ಲಿ ನೆಲೆಸಕೂಡದೆಂಬ ವಿಧಿ ಎರಡನೆಯ ಅಧಿಕರಣದಲ್ಲಿದೆ. ಪಾಷಂಡಿ ಪಥಿಕರು ಬಂದರೆ ಧರ್ಮಛತ್ರದವರು ಅಧಿಕಾರಿಗೆ ತಿಳಿಸಿಯೇ ಇಳಿಸಿಕೊಳ್ಳಬೇಕು. ಶತ್ರುವಿನ ಗೂಢಚಾರರನ್ನು ಅಂತಹ ವೇಷದವರಿಂದಲೇ ಪತ್ತೆಹಚ್ಚಬೇಕು. ತಾನು ನೂರು ಕಪಟ ತಾಪಸರನ್ನು ಕಳುಹಿಸಬಲ್ಲವನಿಗೆ ತನ್ನ ಗಡಿ ದಾಟಿ ಬರುವ ಯಾವ ತಾಪಸನನ್ನೂ ನಂಬಲಾಗದು. ವೇಷದ ಬೆಲೆಯನ್ನು ತೆತ್ತವರು ಮಾತ್ರ ರಾಜಕಾರಣದ ಸೋಂಕಿಲ್ಲದ ಸಾಮಾನ್ಯ ಭಿಕ್ಷುಗಳು. ಅವರ ದನಿ ಈ ಶಾಸ್ತ್ರದಲ್ಲಿ ಎಲ್ಲಿಯೂ ಕೇಳಿಸುವುದಿಲ್ಲ.

ಸಾಹಿತ್ಯವು ಈ ವಸ್ತುವನ್ನು ಕೈಗೆತ್ತಿಕೊಂಡಾಗ ಒತ್ತು ಬದಲಾಗುತ್ತದೆ. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಯಮಪಟ ಹಿಡಿದು ಮನೆಮನೆ ಸುತ್ತುವ ನಿಪುಣಕನೂ ಕ್ಷಪಣಕ ಜೀವಸಿದ್ಧಿಯೂ ಚಾಣಕ್ಯನ ಕಡೆಯವರು. ದಂಡಯಾತ್ರೆಗೆ ಮುಹೂರ್ತ ಬೇಕಾದಾಗ ಅಮಾತ್ಯ ರಾಕ್ಷಸ ಕೇಳುವುದು ಈ ಜೀವಸಿದ್ಧಿಯನ್ನೇ. ಶತ್ರುವಿನ ಪಂಚಾಂಗವೂ ಚಾಣಕ್ಯನ ಕೈಯಲ್ಲಿದೆ ಎಂಬುದು ಪ್ರೇಕ್ಷಕನಿಗೆ ಗೊತ್ತು, ರಾಕ್ಷಸನಿಗೆ ಗೊತ್ತಿಲ್ಲ. ಈ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ದ ಮೂಲಕ ಕನ್ನಡ ಗದ್ಯಕ್ಕೆ ತಂದನು.

ಜೈನ ಪರಂಪರೆಯ ಚಾಣಕ್ಯನು ಇದಕ್ಕೆ ಭಿನ್ನ. ‘ವಡ್ಡಾರಾಧನೆ’ಯ ಕಥೆಗಳಲ್ಲೊಂದು ಚಾಣಾಕ್ಯರಿಸಿಯದು; ಅಲ್ಲಿ ಆತ ವೇಷದ ತಾಪಸನಲ್ಲ, ನಿಜವಾದ ಋಷಿ. ಹನ್ನೆರಡನೆಯ ಶತಮಾನದ ಹೇಮಚಂದ್ರನ ‘ಪರಿಶಿಷ್ಟಪರ್ವ’ವೂ ಅಧಿಕಾರವನ್ನು ತೊರೆದು ಅನಶನಕ್ಕೆ ಕುಳಿತ ಚಾಣಕ್ಯನನ್ನು ಚಿತ್ರಿಸುತ್ತದೆ. ಅವನ ವೈರಿ ಸುಬಂಧು ಪೂಜೆಯ ನೆಪದಲ್ಲಿ ಬಳಿಸಾರಿ, ಧೂಪದ ಕೆಂಡವನ್ನು ಸುತ್ತಲಿನ ಬೆರಣಿಯೊಳಗೆ ಇಟ್ಟು ಹೋಗುತ್ತಾನೆ. ಬಂದವನ ಭಕ್ತಿಯ ಹೊದಿಕೆಯೊಳಗೆ ಏನಿದೆಯೆಂದು ಚಾಣಕ್ಯನಿಗೆ ತಿಳಿಯದೆ ಇರಲಾರದು. ಆದರೂ ಅವನು ಕುಳಿತಲ್ಲಿಂದ ಏಳುವುದಿಲ್ಲ.