ತಾತನ ಲ್ಯಾಪ್‌ಟಾಪ್‌ಗೆ ಸೋರ್ಸ್‌ನಿಂದ ಕಟ್ಟಿದ ಡೆಸ್ಕ್‌ಟಾಪ್

ಕಡಲೆಕಾಯಿ ಪರಿಷೆ ಟೈಮಲ್ಲಿ ಬುಲ್ ಟೆಂಪಲ್ ರೋಡ್ ಪಕ್ಕದ ರೂಮಿನಲ್ಲಿ ಕೂತು ಓದೋದು ಆಗದ ಮಾತು. ರಾತ್ರಿಯಾದರೂ ಪೀಪಿ ಸದ್ದು ನಿಲ್ಲಲ್ಲ. ಹಾಗಾಗಿ ಪುಸ್ತಕ ಮುಚ್ಚಿಟ್ಟು, ಬಹಳ ದಿನದಿಂದ ಮುಂದೂಡಿದ್ದ ಕೆಲಸಕ್ಕೆ ಕೈ ಹಾಕಿದೆ. 2 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಅದರ ಮೇಲೆ ಮಾಟೆ ಡೆಸ್ಕ್‌ಟಾಪನ್ನು ಸೋರ್ಸ್ ಕೋಡ್‌ನಿಂದ ಕಟ್ಟಿ, ಚಾಮರಾಜಪೇಟೆಯಲ್ಲಿರೋ ತಾತನಿಗೆ ಕೊಡೋದು. ಅವರದ್ದು ಒಂದೇ ಷರತ್ತು: ಎಲ್ಲ ಕನ್ನಡದಲ್ಲಿ ಕಾಣಬೇಕು, ಕನ್ನಡದಲ್ಲಿ ಟೈಪ್ ಮಾಡೋಕಾಗಬೇಕು.

ರೆಡಿ ಪ್ಯಾಕೇಜ್ ಹಾಕಿದ್ರೆ ಸುಲಭದಲ್ಲಿ ಮುಗೀತಿತ್ತು, ಒಪ್ಪಿದೆ. ಆದರೆ ಡೆಸ್ಕ್‌ಟಾಪ್ ಅಂದ್ರೆ ಒಂದು ಪ್ರೋಗ್ರಾಂ ಅಲ್ಲ ಅನ್ನೋದು ಕಟ್ಟಿ ನೋಡಿದಾಗಲೇ ತಿಳಿಯೋದು. ವಿಂಡೋಗಳಿಗೆ ಚೌಕಟ್ಟು ಹಾಕೋದು ಮಾರ್ಕೊ, ಫೈಲ್ ತೋರಿಸೋದು ಕಾಜಾ, ಮೆನು-ಗಡಿಯಾರ ಇರೋ ಪಟ್ಟಿ ಮಾಟೆ-ಪ್ಯಾನೆಲ್, ಲಾಗಿನ್ ಆದಮೇಲೆ ಇವನ್ನೆಲ್ಲ ಎಬ್ಬಿಸೋದು ಸೆಷನ್ ಮ್ಯಾನೇಜರ್. 2011ರಲ್ಲಿ ಗ್ನೋಮ್ 3 ಬಂದಾಗ, ನಮಗೆ ಹಳೇ ಗ್ನೋಮ್ 2 ರೀತಿಯೇ ಸಾಕು ಅಂದವರು ಕವಲು ಒಡೆದು ಬೆಳೆಸಿದ್ದು ಇದು.

ಕಟ್ಟೋದಕ್ಕೆ ಒಂದು ಕ್ರಮ ಇದೆ. ಮೊದಲು ಮಾಟೆ-ಕಾಮನ್, ಆಮೇಲೆ ಮಾಟೆ-ಡೆಸ್ಕ್‌ಟಾಪ್ ಮತ್ತು ಉಳಿದ ಲೈಬ್ರರಿಗಳು, ಕೊನೆಗೆ ಪ್ಯಾನೆಲ್ ಇತ್ಯಾದಿ. ಪ್ರತಿಯೊಂದಕ್ಕೂ ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಬೇಕಾದ ಲೈಬ್ರರಿ ಎಲ್ಲಿದೆ ಅಂತ ಕಾನ್ಫಿಗರ್ ಕೇಳೋದು ಪಿಕೆಜಿ-ಕಾನ್ಫಿಗ್‌ನ. ನೀವು ಬೇರೆ ಫೋಲ್ಡರ್‌ಗೆ ಇನ್‌ಸ್ಟಾಲ್ ಮಾಡಿ ಆ ದಾರಿ ಹೇಳದಿದ್ರೆ, ಕಣ್ಣೆದುರೇ ಇರೋ ಲೈಬ್ರರಿಯನ್ನೂ ‘ಸಿಗಲಿಲ್ಲ’ ಅನ್ನುತ್ತೆ. (ಪ್ಯಾನೆಲ್ ಕಟ್ಟೋಕೆ ಹವಾಮಾನದ ಲೈಬ್ರರಿ ಬೇಕಂತೆ! ಗಡಿಯಾರದ ಜೊತೆ ಹವಾಮಾನವನ್ನೂ ತೋರಿಸುತ್ತಲ್ಲ, ಅದಕ್ಕೆ.)

ಇಂಥ ಎರರ್‌ಗಳು ಒಳ್ಳೆಯವು, ಯಾಕಂದ್ರೆ ಕೆಲಸ ಅಲ್ಲೇ ನಿಲ್ಲುತ್ತೆ. ಭಯಪಡಬೇಕಾದ್ದು ಸದ್ದಿಲ್ಲದೆ ಬಿಟ್ಟುಹೋಗೋವಕ್ಕೆ. ಬೇಗ ಮುಗೀಲಿ ಅಂತ ನಾನು ‘ಡಿಸೇಬಲ್-ಎನ್‌ಎಲ್‌ಎಸ್’ ಅನ್ನೋ ಆಯ್ಕೆ ಕೊಟ್ಟಿದ್ದೆ. ಒಂದೂ ಎರರ್ ಬರಲಿಲ್ಲ, ಡೆಸ್ಕ್‌ಟಾಪ್ ಚೆನ್ನಾಗೇ ಎದ್ದಿತು, ಆದರೆ ಪೂರ್ತಿ ಇಂಗ್ಲಿಷಿನಲ್ಲಿ. ಆ ಆಯ್ಕೆ ಕೊಟ್ಟರೆ ಸೋರ್ಸ್ ಜೊತೆ ಬಂದಿರೋ ಕನ್ನಡ ಅನುವಾದದ ಪಿಒ ಫೈಲ್ ಕಂಪೈಲ್ ಆಗೋದೇ ಇಲ್ಲ. ಎಲ್ಲ ಮತ್ತೆ ಕಟ್ಟಿದೆ. ಆಗಲೂ ಇಂಗ್ಲಿಷೇ! ಸಿಸ್ಟಮ್‌ನಲ್ಲಿ ಕನ್ನಡದ ಲೊಕೇಲ್ ತಯಾರಿಸಿರಲಿಲ್ಲ. ಅದಿಲ್ಲದೆ ಅನುವಾದದ ಫೈಲನ್ನು ಯಾರೂ ತೆರೆಯಲ್ಲ.

ಅದೂ ಆಯ್ತು ಅಂತ ಲ್ಯಾಪ್‌ಟಾಪ್ ಹೊತ್ಕೊಂಡು ಚಾಮರಾಜಪೇಟೆಗೆ ಹೋದೆ.

“ಇದೇನೋ ಮರಿ, ಬರೀ ಚೌಕ ಚೌಕ?” ಅಂದ್ರು ತಾತ.

“ಒಂದ್ನಿಮಿಷ ಇರಿ ತಾತ.”

ಪ್ರತಿ ಚೌಕದೊಳಗೂ ಸಣ್ಣ ಅಂಕಿ. 0ಸಿ95 ಅಂದ್ರೆ ಯೂನಿಕೋಡ್‌ನಲ್ಲಿ ‘ಕ’. ಅಂದರೆ ಅನುವಾದ ಬಂದಿದೆ, ಅದನ್ನು ಬರೆಯೋಕೆ ಫಾಂಟ್ ಇಲ್ಲ. ನವಿಲು, ಗುಬ್ಬಿ ಫಾಂಟ್ ಹಾಕಿದ್ಮೇಲೆ ಅಕ್ಷರ ಮೂಡಿತು. ಫಾಂಟ್ ಒಂದೇ ಸಾಲದು ಅನ್ನೋದೂ ಇಲ್ಲಿ ಗೊತ್ತಾಗುತ್ತೆ. ‘ಕನ್ನಡ’ ಕಣ್ಣಿಗೆ ಮೂರಕ್ಷರ, ಆದರೆ ಫೈಲಿನಲ್ಲಿ ಐದು ಸಂಕೇತ: ಕ, ನ, ಹಲಂತ, ನ, ಡ. ಮಧ್ಯದ ಮೂರನ್ನು ಸೇರಿಸಿ ‘ನ್ನ’ ಮಾಡೋದು ಹಾರ್ಫ್‌ಬಜ್ ಅನ್ನೋ ಲೈಬ್ರರಿ. ಪರದೆ ಮೇಲೆ ಒತ್ತಕ್ಷರ ಸರಿಯಾಗಿ ಕೂರೋದು ಅದರಿಂದ.

ಕೀಬೋರ್ಡ್ ಬಗ್ಗೆ ಮಾತ್ರ ತಲೆಬಿಸಿ ಇರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕೆಳಗೆ ‘ಕಗಪ’ ಅಂತಲೇ ಒಂದು ವಿನ್ಯಾಸ ಇದೆ. ನುಡಿ ತಂತ್ರಾಂಶ ಕೊಟ್ಟ ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳು ಅವು, ಕೆ. ಪಿ. ರಾವ್ ರೂಪಿಸಿದ ವಿನ್ಯಾಸ ಅದರ ಬುಡ. ನುಡಿಯಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದ ತಾತ ಕೀ ನೋಡದೆ ಐದು ಸಲ ಒತ್ತಿದ್ರು. ಹಲಂತಕ್ಕೆ ‘ಎಫ್’ ಅಂತ ನಾನು ಹೇಳೋಕೆ ಹೋಗಿ ಬೈಸಿಕೊಂಡೆ.

ಮೆನುಗಳಲ್ಲಿ ಕೆಲವು ಸಾಲು ಇನ್ನೂ ಇಂಗ್ಲಿಷಿನಲ್ಲೇ ಇವೆ. ಪಿಒ ಫೈಲಿನಲ್ಲಿ ಅನುವಾದದ ಜಾಗ ಖಾಲಿ ಬಿಟ್ಟಿದ್ರೆ ಮೂಲ ಇಂಗ್ಲಿಷೇ ಕಾಣುತ್ತೆ. “ಇದನ್ನ ಯಾರು ಬರೀಬೇಕೋ?” ಅಂತ ತಾತ ಕೇಳಿದ್ರು. ಯಾರು ಬೇಕಾದ್ರೂ ಬರೆದು ಕಳಿಸಬಹುದು ಅಂದೆ. ಅವತ್ತಿಂದ ದಿನಾ ಸಂಜೆ ಫೋನ್. ನಿನ್ನೆ ‘ಆಪ್ಲೆಟ್’ಗೆ ಮೂರು ಪದ ಹೇಳಿದ್ದಾರೆ, ಯಾವುದೂ ಅವರಿಗೇ ಹಿಡಿಸಿಲ್ಲ.