ಹೆಸರಿಲ್ಲದೆ ಹೊರಡುವ ಸೀರೆ

ದೊಡ್ಡಬಳ್ಳಾಪುರದ ಕರೇನಹಳ್ಳಿ, ದರ್ಗಾಜೋಗಹಳ್ಳಿ ಕಡೆ ಹೋದರೆ ಮೊದಲು ಕಿವಿಗೆ ಬೀಳುವುದು ಮಗ್ಗದ ಸದ್ದು. ಮನೆಯ ಮುಂದಿನ ಕೋಣೆಯಲ್ಲೋ ಹಿತ್ತಿಲ ಶೀಟಿನ ಶೆಡ್ಡಿನಲ್ಲೋ ಎರಡು, ನಾಲ್ಕು, ಆರು ವಿದ್ಯುತ್ ಮಗ್ಗಗಳು. ಒಳಗೆ ಮಾತಾಡಬೇಕಾದರೆ ಕಿವಿಯ ಹತ್ತಿರ ಬಾಯಿ ತರಬೇಕು. ಬಾಗಿಲ ಬಳಿ ಕೂತ ಅಜ್ಜಿ ಕಂಡಿಕೆ ಸುತ್ತುತ್ತಿರುತ್ತಾರೆ. ಕರೆಂಟ್ ಹೋದರಷ್ಟೇ ಬೀದಿ ತಣ್ಣಗಾಗುತ್ತದೆ. ಆ ಮೌನ ಇಲ್ಲಿ ಯಾರಿಗೂ ಬೇಡ, ಅಷ್ಟು ಹೊತ್ತಿನ ಕೂಲಿಯೂ ಹೋದಂತೆ.

ಬೆಂಗಳೂರಿನ ಫ್ಯಾಷನ್ ನವೋದ್ಯಮಗಳ ಮೇಲೆ ಯಾರಾದರೂ ಸಾಕ್ಷ್ಯಚಿತ್ರ ಮಾಡುವುದಾದರೆ ಮೊದಲ ದೃಶ್ಯ ಈ ಬೀದಿಯದೇ ಆಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಮಗೆ ಗೊತ್ತಿರುವ ಕಥೆ ಬೇರೆ ಕಡೆ ಶುರುವಾಗುತ್ತದೆ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಿಂತ್ರಾ ಮೊದಲು ಮಾರಿದ್ದು ಹೆಸರು ಬರೆಸಿದ ಉಡುಗೊರೆಗಳನ್ನು. ಆಮೇಲೆ ಬಟ್ಟೆಗೆ ಬಂತು, 2014ರಲ್ಲಿ ಫ್ಲಿಪ್‌ಕಾರ್ಟ್ ತೆಕ್ಕೆಗೆ ಸೇರಿತು. 2017ರಲ್ಲಿ ಟೈಟಾನ್ ಕಂಪನಿ ತನೈರಾ ಹೆಸರಿನಲ್ಲಿ ಸೀರೆ ವ್ಯಾಪಾರಕ್ಕಿಳಿಯಿತು. ಇಂದು ಹೊಸಕೋಟೆ, ನೆಲಮಂಗಲದ ಹೆದ್ದಾರಿಗಳ ಬದಿಯಲ್ಲಿ ಕಣ್ಣು ಹಾಯುವಷ್ಟು ದೂರ ಗೋದಾಮುಗಳು, ಅವುಗಳಿಂದ ಹಗಲೂ ರಾತ್ರಿ ಹೊರಡುವ ಪೊಟ್ಟಣಗಳು. ಇದೆಲ್ಲ ನಿಜ. ಆದರೆ ಈ ಸೀಮೆಯ ಬಟ್ಟೆಯ ಕಥೆಯಲ್ಲಿ ಇದು ತೀರಾ ಈಚಿನ ಅಧ್ಯಾಯ.

ಹಳೆಯ ಅಧ್ಯಾಯಕ್ಕೆ ದೇವನಹಳ್ಳಿಯ ನಂಟಿದೆ. ಆ ಊರಿನಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ 18ನೇ ಶತಮಾನದ ಕೊನೆಯಲ್ಲಿ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಸಾಕಣೆಗೆ ತಳಹದಿ ಹಾಕಿದ. 1800ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ನೇಕಾರರ ವಿವರ ಬರೆದಿಟ್ಟ. ಪಟ್ಟೇಗಾರರು, ಖತ್ರಿಗಳು, ದೇವಾಂಗದವರು, ತೊಗಟರು, ಪದ್ಮಸಾಲಿಗಳು ಎಲ್ಲರೂ ಆ ಬರಹದಲ್ಲಿದ್ದಾರೆ. ಮುಂದೆ ಜೆಮ್‌ಶೆಡ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇವತ್ತಿಗೂ ಉಳಿದಿದೆ. 1905ರಲ್ಲಿ ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ ಬಂತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು, ಮಗ್ಗಗಳು ಸ್ವಿಟ್ಜರ್ಲೆಂಡಿನಿಂದ ಬಂದವು. ರೇಷ್ಮೆಯನ್ನು ಯಂತ್ರದ ಮಗ್ಗದಲ್ಲೂ ನಾಜೂಕಾಗಿ ನೇಯಬಹುದು ಎಂಬುದು ಹೀಗೆ ಕಣ್ಣೆದುರಿಗೆ ಬಂತು.

ದೊಡ್ಡಬಳ್ಳಾಪುರದ ಗುಳಿಮಗ್ಗಗಳು ಒಂದೊಂದಾಗಿ ವಿದ್ಯುತ್ ಮಗ್ಗಗಳಾದದ್ದಕ್ಕೆ ಊರು ಇರುವ ಜಾಗವೂ ಕಾರಣ. ಪೂರ್ವಕ್ಕೆ ವಿಜಯಪುರದ ಗೂಡಿನ ಮಾರುಕಟ್ಟೆ, ಅದರಾಚೆ ನೂಲು ಬಿಚ್ಚುವ ಶಿಡ್ಲಘಟ್ಟ. ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಬೆಂಗಳೂರಿನ ಚಿಕ್ಕಪೇಟೆಯ ಸೀರೆ ಅಂಗಡಿಗಳು. ನೂಲು ಒಂದು ಕೈಗೆ, ಗಿರಾಕಿ ಇನ್ನೊಂದು ಕೈಗೆ ಎಟುಕುವಂತಿದ್ದ ಊರು ಇದು. ಕೆಲಸವೂ ಮನೆಮನೆಗೆ ಹಂಚಿಹೋಯಿತು. ಒಬ್ಬರು ನೂಲು ಹುರಿ ಮಾಡುತ್ತಾರೆ, ಇನ್ನೊಬ್ಬರು ಬಣ್ಣ ಹಾಕುತ್ತಾರೆ, ಮತ್ತೊಬ್ಬರು ವಾರ್ಪು ಸುತ್ತಿ ಕೊಡುತ್ತಾರೆ. ಅಂಚಿನ ಹೂವು, ಸೆರಗಿನ ನವಿಲು ಬೇಕೆಂದರೆ ಜಕಾರ್ಡ್‌ಗೆ ಕಾರ್ಡು ಪಂಚ್ ಮಾಡುವವರ ಹತ್ತಿರ ಹೋಗಬೇಕು. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ರೂಪಿಸಿದ ಉಪಾಯ ಅದು. ರಟ್ಟಿನಲ್ಲಿ ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಇದೇ ತೂತಿನ ಕಾರ್ಡು ಮುಂದೆ ಗಣಕಯಂತ್ರಕ್ಕೆ ಲೆಕ್ಕ ಉಣಿಸಿತು. ಈಗ ಕೆಲವು ಮಗ್ಗಗಳ ಮೇಲೆ ರಟ್ಟಿನ ಬದಲು ಎಲೆಕ್ಟ್ರಾನಿಕ್ ಜಕಾರ್ಡ್ ಕೂತಿದೆ. ಮೂಲ ತರ್ಕ ಅದೇ.

ಸಾಲ ತಂದು ಎರಡು ಮಗ್ಗ ಹಾಕಿದವನು ನೂಲನ್ನೂ ಉದ್ದರಿ ತರುತ್ತಾನೆ. ಯಾವ ಬಣ್ಣ ಹಬ್ಬಕ್ಕೆ ಓಡುತ್ತದೆ ಎಂದು ಮೂರು ತಿಂಗಳು ಮೊದಲೇ ಅಂದಾಜು ಕಟ್ಟುತ್ತಾನೆ. ಅಂದಾಜು ತಪ್ಪಿದರೆ ಹೆಂಡತಿಯ ಬಳೆ ಗಿರವಿಗೆ. ಬಂಡವಾಳ, ವಿನ್ಯಾಸ, ಮಾರುಕಟ್ಟೆಯ ಅಂದಾಜು, ನಷ್ಟದ ಹೊರೆ, ನವೋದ್ಯಮ ಎನ್ನಿಸಿಕೊಳ್ಳಲು ಬೇಕಾದ ಎಲ್ಲವೂ ಅವನಲ್ಲಿವೆ. ಆದರೂ ಅವನನ್ನು ಯಾರೂ ಉದ್ಯಮಿ ಎಂದು ಕರೆದಿಲ್ಲ.

1985ನ್ನು ಇಲ್ಲಿ ನೆನೆಯಬೇಕು. ಆ ವರ್ಷ ಬಂದ ಕೈಮಗ್ಗ ಮೀಸಲು ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಬಿಟ್ಟುಕೊಟ್ಟಿತು. ಕೈಮಗ್ಗದವರ ಅನ್ನ ಉಳಿಯಲು ಅದು ಬೇಕಿತ್ತು, ಆ ಮಾತಿನಲ್ಲಿ ನನಗೆ ಸಂಶಯವಿಲ್ಲ. ಜೊತೆಗೆ ವಿದ್ಯುತ್ ಮಗ್ಗದ ಸೀರೆ ಎಂದರೆ ನಕಲು ಎಂಬ ಭಾವನೆಯೂ ಕೊಳ್ಳುವವರಲ್ಲಿ ಬೇರೂರಿತು. ಅದೇ 1985ರಲ್ಲಿ ಆರಂಭವಾದ ಹಿಮತ್‌ಸಿಂಗ್ಕಾ ಸೈಡೆ ಕಂಪನಿ ಮುಂದೆ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲೇ ರೇಷ್ಮೆಯ ಪರದೆ, ಸೋಫಾ ಬಟ್ಟೆ ನೇಯ್ದು ಹೊರದೇಶಗಳಿಗೆ ಕಳಿಸಿತು. ಒಂದೇ ಊರು. ಒಂದು ಕಡೆಯ ಬಟ್ಟೆ ಹೆಸರಿನೊಂದಿಗೆ ಸಮುದ್ರ ದಾಟಿತು, ಇನ್ನೊಂದು ಕಡೆಯ ಸೀರೆ ಚಿಕ್ಕಪೇಟೆ ತಲುಪುವಷ್ಟರಲ್ಲಿ ಹುಟ್ಟಿದ ಊರಿನ ಹೆಸರನ್ನೇ ಕಳೆದುಕೊಂಡಿತು.

ಈಗಿನ ದೊಡ್ಡ ಪೆಟ್ಟು ಸೂರತ್‌ನದು. ಇಲ್ಲಿನ ಸೀರೆಯ ಅಂಚಿಗೆ ಬೇಕಾದ ಜರಿ ಬರುವುದೂ ಸೂರತ್‌ನಿಂದಲೇ. ಈಗ ಅಲ್ಲಿಯ ಅಗ್ಗದ ಸೀರೆಗಳೂ ಬಂದು ಇಲ್ಲಿನ ಮಗ್ಗಗಳನ್ನು ಕುಂಟಿಸುತ್ತಿವೆ ಎಂದು ನೇಕಾರರು ಬೀದಿಗಿಳಿದಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳ ಋತುವೇ ಕೈತಪ್ಪಿ, ನೇಯ್ದ ಸೀರೆ ಮನೆಯಲ್ಲೇ ರಾಶಿ ಬಿತ್ತು. 2023ರಲ್ಲಿ ರಾಜ್ಯ ಸರ್ಕಾರ 10 ಅಶ್ವಶಕ್ತಿವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ ಘೋಷಿಸಿದ್ದು ಉಸಿರಾಡಲು ಎಡೆ ಮಾಡಿತು. ಆದರೆ ಮಗ್ಗ ತಿರುಗಿದರೆ ಸಾಲದು, ನೇಯ್ದದ್ದು ಮಾರಾಟವಾಗಬೇಕು.

ಸೂರತ್‌ಗೆ ಒಂದು ಸಾಕ್ಷ್ಯಚಿತ್ರವಿದೆ. ರಾಹುಲ್ ಜೈನ್ ನಿರ್ದೇಶಿಸಿದ 2016ರ ‘ಮಷೀನ್ಸ್’. ಗುಜರಾತಿನ ಒಂದು ಜವಳಿ ಗಿರಣಿಯೊಳಗೆ ಕ್ಯಾಮೆರಾ ಅವಸರವಿಲ್ಲದೆ ಓಡಾಡುತ್ತದೆ. ಮಾತು ಕಡಿಮೆ, ಯಂತ್ರದ ಸದ್ದು ಹೆಚ್ಚು. ದಣಿದ ಕೂಲಿಗಳ ಮುಖ ತೆರೆ ತುಂಬುತ್ತದೆ. ಅದರ ಛಾಯಾಗ್ರಹಣಕ್ಕೆ 2017ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ದೊಡ್ಡಬಳ್ಳಾಪುರಕ್ಕೂ ಅಷ್ಟೇ ತಾಳ್ಮೆಯ ಕ್ಯಾಮೆರಾ ಬೇಕು. ಆದರೆ ಇಲ್ಲಿ ಮಗ್ಗದ ಪಕ್ಕದಲ್ಲೇ ಒಲೆ ಉರಿಯುತ್ತದೆ, ಮಗು ನೋಟ್‌ಬುಕ್ ಬಿಡಿಸಿಕೊಂಡು ಕೂತಿರುತ್ತದೆ, ಮಗಳು ವಾಟ್ಸ್‌ಆ್ಯಪ್‌ನಲ್ಲಿ ಸೀರೆಯ ಫೋಟೊ ಕಳಿಸಿ ತಾನೇ ಗಿರಾಕಿ ಹುಡುಕುತ್ತಾಳೆ. ಗಿರಣಿಯ ಚಿತ್ರದಲ್ಲಿ ಸಿಗದ ಮನೆಯೊಂದು ಇಲ್ಲಿದೆ. ಆ ಮಗಳ ಫೋನೇ ಈ ಊರಿನ ಹೊಸ ಅಂಗಡಿ.

ಹೆಸರು ಕಟ್ಟುವುದು ಆಗದ ಮಾತಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿ ನಿಲ್ಲಿಸಿದ ಚರಕ ಮಹಿಳಾ ಸಹಕಾರ ಸಂಘ ಅಡಿಕೆ ಚೊಗರಿನಿಂದ ಬಣ್ಣ ತೆಗೆದು ‘ದೇಸಿ’ ಅಂಗಡಿಗಳ ಮೂಲಕ ನಗರದವರಿಗೆ ಕೈಮಗ್ಗದ ಜುಬ್ಬ ತೊಡಿಸಿತು. ಅದು ಕೈಮಗ್ಗ, ಇದು ವಿದ್ಯುತ್ ಮಗ್ಗ ಎನ್ನುವವರಿಗೆ ಮೈಸೂರು ಸಿಲ್ಕ್ ತೋರಿಸುತ್ತೇನೆ. ಅದೂ ಯಂತ್ರದ ಮಗ್ಗದ ಸೀರೆಯೇ. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ, ಪ್ರತಿ ಸೀರೆಗೂ ತನ್ನದೇ ಸಂಖ್ಯೆಯಿದೆ, ಕೊಳ್ಳಲು ಜನ ಸಾಲು ನಿಲ್ಲುತ್ತಾರೆ. ವಿದ್ಯುತ್ ಮಗ್ಗಕ್ಕೆ ಗೌರವ ಸಿಗದು ಎಂಬ ವಾದ ಅಲ್ಲಿಗೆ ಮುಗಿಯಿತು.

ಹೊಸ ಕಂಪನಿಗಳನ್ನು ಕಟ್ಟುತ್ತಿರುವ ಯುವಕ ಯುವತಿಯರಲ್ಲಿ ಒಂದು ಮನವಿ. ನಿಮ್ಮ ಸೀರೆಗೆ ಕಟ್ಟುವ ಚೀಟಿಯಲ್ಲಿ ಕಂಪನಿಯ ಹೆಸರಿದೆ, ಬೆಲೆಯಿದೆ, ಒಗೆಯುವ ಕ್ರಮವಿದೆ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ. ಅಲ್ಲಿ ‘ನೇಯ್ದದ್ದು ದೊಡ್ಡಬಳ್ಳಾಪುರದಲ್ಲಿ’ ಎಂದು ಅಚ್ಚು ಹಾಕಿಸಿ.